ನೆಲವೇ ಡೊಂಕು, ಸ್ವಾಮಿ!

ಅಣ್ಣನ ಮಗಳು ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದಾಳೆ. ಮೊನ್ನೆ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದವಳು, ‘ಚಿಕ್ಕಪ್ಪ, ಸ್ಟ್ಯಾನ್‌ಫರ್ಡ್ ಜೈಲಿನ ಸಿನಿಮಾ ನೋಡೋಣ ಬನ್ನಿ. ಹತ್ತು ಮಾರ್ಕಿನ ಪ್ರಶ್ನೆ ಅದು. ಓದೋದಕ್ಕಿಂತ ನೋಡೋದು ಸುಲಭ’ ಅಂದಳು. ಸಿನಿಮಾ ನೋಡಿದರೆ ಮಾರ್ಕು ಬರುವ ಕಾಲದಲ್ಲಿ ನಾವು ಹುಟ್ಟಿದ್ದರೆ ಟೆಂಟಿನ ಗಾಂಧಿ ಕ್ಲಾಸಿನಲ್ಲಿ ಕೂತೇ ರ‍್ಯಾಂಕು ಹೊಡೆಯುತ್ತಿದ್ದೆವು. ಇರಲಿ. ಚಕ್ಕುಲಿ ಡಬ್ಬಿ ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು.

2015ರಲ್ಲಿ ಬಂದ ಚಿತ್ರ, ‘ದಿ ಸ್ಟ್ಯಾನ್‌ಫರ್ಡ್ ಪ್ರಿಸನ್ ಎಕ್ಸ್‌ಪೆರಿಮೆಂಟ್’. ನಿರ್ದೇಶಕ ಕೈಲ್ ಪ್ಯಾಟ್ರಿಕ್ ಅಲ್ವಾರೆಜ್. ಪ್ರೊಫೆಸರ್ ಫಿಲಿಪ್ ಜಿಂಬಾರ್ಡೊ ಪಾತ್ರದಲ್ಲಿ ಬಿಲಿ ಕ್ರುಡಪ್. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಇದರ ಚಿತ್ರಕಥೆಗೆ ಬಹುಮಾನ ಬಂತು. ಬಹುಮಾನ ನ್ಯಾಯವಾದದ್ದೇ. ಆದರೆ ವೇದಿಕೆ ಹತ್ತಿ ಅದನ್ನು ಈಸಿಕೊಳ್ಳಬೇಕಾಗಿದ್ದವರು ಯಾರು ಎಂಬ ಅನುಮಾನ ನನಗೆ ಸಿನಿಮಾ ಮುಗಿಯುವಷ್ಟರಲ್ಲಿ ಹತ್ತಿತು.

ನಡೆದದ್ದು ಇಷ್ಟು. 1971ರ ಆಗಸ್ಟ್. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಇದ್ದ ಜೋರ್ಡನ್ ಹಾಲ್‌ನ ನೆಲಮಾಳಿಗೆ. ಖರ್ಚು ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯದು. ಜೈಲುವಾಸದ ಅಧ್ಯಯನಕ್ಕೆ ಕಾಲೇಜು ಹುಡುಗರು ಬೇಕು, ದಿನಕ್ಕೆ 15 ಡಾಲರ್ ಎಂದು ಪತ್ರಿಕೆಯಲ್ಲಿ ಜಾಹೀರಾತು. ಎಪ್ಪತ್ತಕ್ಕೂ ಹೆಚ್ಚು ಹುಡುಗರು ಅರ್ಜಿ ಹಾಕಿದರು. ಅವರಲ್ಲಿ ‘ತಲೆ ನೆಟ್ಟಗಿರುವ’ 24 ಜನರನ್ನು ಆರಿಸಿ, ಯಾರು ಕೈದಿ ಯಾರು ಗಾರ್ಡ್ ಎಂದು ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. ಎರಡು ವಾರ ನಡೆಯಬೇಕಿದ್ದದ್ದು ಆರೇ ದಿನಕ್ಕೆ ನಿಂತುಹೋಯಿತು. ಗಾರ್ಡ್‌ಗಳು ಕ್ರೂರಿಗಳಾದರು, ಕೈದಿಗಳು ಕುಸಿದುಹೋದರು; ಒಳ್ಳೆಯವನನ್ನು ಕೆಟ್ಟ ಜಾಗದಲ್ಲಿಟ್ಟರೆ ಅವನೂ ಕೆಡುತ್ತಾನೆ ಎಂದು ಪ್ರೊಫೆಸರು ಸಾರಿದರು. ಜಗತ್ತು ತಲೆದೂಗಿತು. ಐವತ್ತು ವರ್ಷ ದಾಟಿದರೂ ಆ ತಲೆ ಇನ್ನೂ ತೂಗುತ್ತಲೇ ಇದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮಲ್ಲಿ ಒಂದು ಗಾದೆ. ಆಕೆ ಪಾಪ, ಬೈಸಿಕೊಂಡಳು. ಸರಿಯಾದ ವಿಶ್ವವಿದ್ಯಾಲಯ ಸಿಕ್ಕಿದ್ದರೆ ಅದೇ ಮಾತಿಗೆ ಡಾಕ್ಟರೇಟ್ ಬರುತ್ತಿತ್ತು. ಜಿಂಬಾರ್ಡೊ ಆಕೆಗಿಂತ ಒಂದು ಹೆಜ್ಜೆ ಮುಂದೆ: ಮೊದಲು ತಾನೇ ಹಾರೆ ತಂದು ನೆಲವನ್ನು ಡೊಂಕು ಮಾಡಿ, ಆಮೇಲೆ ಹುಡುಗರನ್ನು ಕುಣಿಸಿ, ‘ನೋಡಿ, ನೆಲದ ಪ್ರಭಾವ!’ ಎಂದರು.

ವೇಷಭೂಷಣವನ್ನೇ ನೋಡಿ. ಕೈದಿಗಳಿಗೆ ಮೊಣಕಾಲು ಮುಟ್ಟುವ ಒಂದು ನಿಲುವಂಗಿ; ನಮ್ಮ ಕಡೆ ಅದಕ್ಕೆ ನೈಟಿ ಅನ್ನುತ್ತೇವೆ. ಒಳಗೆ ಚಡ್ಡಿಯೂ ಇಲ್ಲ. ತಲೆಗೆ ಹೆಂಗಸರ ನೈಲಾನ್ ಕಾಲುಚೀಲದ ಟೊಪ್ಪಿ, ಬಲಗಾಲಿಗೆ ಸರಪಳಿ, ಹೆಸರು ಕಿತ್ತುಕೊಂಡು ಅದರ ಜಾಗಕ್ಕೊಂದು ನಂಬರು. ಅತ್ತ ಗಾರ್ಡ್‌ಗಳಿಗೆ ಖಾಕಿ, ಕೊರಳಲ್ಲಿ ಸೀಟಿ, ಕೈಯಲ್ಲಿ ದೊಣ್ಣೆ, ಕಣ್ಣಿಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಕನ್ನಡಕ.

‘ಚಿಕ್ಕಪ್ಪ, ನೈಟಿ ಹಾಕಿಸೋ ಜೈಲು ಯಾವ ದೇಶದಲ್ಲಿದೆ?’ ಎಂದು ಹುಡುಗಿ ಕೇಳಿದಳು. ಯಾವ ದೇಶದಲ್ಲೂ ಇಲ್ಲ ಮಗಳೇ. ನಿಜವಾದ ಜೈಲಿನಲ್ಲಿ ಗಂಡಸಿಗೆ ಆಗುವ ಮಾನಭಂಗವನ್ನು ಬೇಗ ತಂದುಕೊಳ್ಳಲು ಪ್ರೊಫೆಸರು ಹುಡುಕಿದ ಅಡ್ಡದಾರಿ ಅದು. ತಲೆ ಬೋಳಿಸುವ ಬದಲು ಕಾಲುಚೀಲ. ಆ ಕಪ್ಪು ಕನ್ನಡಕ ಬಂದದ್ದೆಲ್ಲಿಂದ ಗೊತ್ತೆ? ‘ಕೂಲ್ ಹ್ಯಾಂಡ್ ಲ್ಯೂಕ್’ ಎಂಬ 1967ರ ಜೈಲು ಸಿನಿಮಾದಿಂದ. ಇದನ್ನು ಸ್ವತಃ ಜಿಂಬಾರ್ಡೊ ಹೇಳಿಕೊಂಡಿದ್ದಾರೆ. ಸೋಜಿಗವೆಂದರೆ, ಗಾರ್ಡ್‌ಗಳಲ್ಲೆಲ್ಲ ಅತಿ ಕ್ರೂರಿ ಎನಿಸಿಕೊಂಡು ‘ಜಾನ್ ವೇಯ್ನ್’ ಎಂಬ ಅಡ್ಡಹೆಸರು ಪಡೆದ ಹುಡುಗ ಕೂಡ ಅದೇ ಸಿನಿಮಾದ ಜೈಲು ಕ್ಯಾಪ್ಟನ್ನನನ್ನು ಅನುಕರಿಸಿ, ದಕ್ಷಿಣದ ಎಳೆದ ಧಾಟಿಯಲ್ಲಿ ಮಾತಾಡಿದ. ನಾಟಕ ಕಲಿತಿದ್ದ ಹುಡುಗ. ದಿನವೂ ಒಂದು ಹೊಸ ಪ್ರಸಂಗ ಕಟ್ಟಿ ಆಡುತ್ತಿದ್ದೆ, ಸಂಶೋಧಕರಿಗೆ ಏನಾದರೂ ಸಿಗಲಿ ಅಂತ ಎಂದು ಆಮೇಲೆ ಅವನೇ ಹೇಳಿದ್ದಾನೆ. ಅಡ್ಡಹೆಸರು ಇಟ್ಟ ಕೈದಿಗಳಿಗೆ ಸಿನಿಮಾ ಜ್ಞಾನ ಸಾಲದು: ಆ ಚಿತ್ರದಲ್ಲಿ ಜಾನ್ ವೇಯ್ನ್ ಇಲ್ಲವೇ ಇಲ್ಲ.

ಹೀಗೆ ಸಿನಿಮಾದಿಂದ ಕನ್ನಡಕ ಪ್ರಯೋಗಕ್ಕೆ ಬಂತು, ಸಿನಿಮಾದಿಂದಲೇ ಕ್ರೌರ್ಯವೂ ಬಂತು, ಮತ್ತೆ ಪ್ರಯೋಗ ಸಿನಿಮಾಕ್ಕೆ ಹೋಯಿತು. ಮಧ್ಯದಲ್ಲಿ ವಿಜ್ಞಾನ ಎಲ್ಲಿ ಇಳಿದುಹೋಯಿತೋ ಕಂಡಕ್ಟರನಿಗೂ ಗೊತ್ತಿಲ್ಲ.

ಯಕ್ಷಗಾನದಲ್ಲಿ ಬಣ್ಣದ ವೇಷ ಕಟ್ಟಿದವನು ರಂಗಕ್ಕೆ ಬಂದು ಅಬ್ಬರಿಸದೆ ಇನ್ನೇನು ಮಾಡುತ್ತಾನೆ? ಅಬ್ಬರಿಸಿದ್ದಕ್ಕೆ ಬೆಳಿಗ್ಗೆ ಅವನನ್ನು ತಿಂಡಿಯ ಪಂಕ್ತಿಯಿಂದ ಎಬ್ಬಿಸುವವರಿಲ್ಲ. ‘ರಾಕ್ಷಸ ಸ್ವಭಾವ ಎಲ್ಲರಲ್ಲೂ ಅಡಗಿದೆ ಎಂದು ನಿನ್ನೆಯ ಆಟದಿಂದ ಸಿದ್ಧವಾಯಿತು’ ಎಂದು ಭಾಗವತರು ಪ್ರಬಂಧ ಮಂಡಿಸಿದ್ದನ್ನಂತೂ ನಾನು ಕೇಳಿಲ್ಲ. ಸ್ಟ್ಯಾನ್‌ಫರ್ಡಿನ ಭಾಗವತರು ಮಾಡಿದ್ದು ಅದನ್ನೇ. ಬರೀ ಭಾಗವತರಾಗಿದ್ದರೂ ಆಗುತ್ತಿತ್ತು. ಜೈಲಿನ ಸೂಪರಿಂಟೆಂಡೆಂಟ್ ಪಾತ್ರವನ್ನೂ ತಾವೇ ಕಟ್ಟಿಕೊಂಡರು. ಗಾರ್ಡ್‌ಗಳನ್ನು ಮೊದಲೇ ಕೂರಿಸಿಕೊಂಡು, ಹೊಡೆಯುವ ಹಾಗಿಲ್ಲ, ಆದರೆ ಬೇಸರ ತರಿಸಬಹುದು, ಅಷ್ಟಿಷ್ಟು ಭಯ ಹುಟ್ಟಿಸಬಹುದು, ಅವರ ಬದುಕು ಪೂರ್ತಿ ನಮ್ಮ ಕೈಲಿದೆ ಅನ್ನಿಸಬೇಕು ಎಂದು ಪಾಠ ಹೇಳಿದರು. ‘ನಮ್ಮ’ ಕೈಲಿ. ಆ ಒಂದು ಶಬ್ದದಲ್ಲಿ ಪ್ರಯೋಗ ಆರಂಭವಾಗುವ ಮೊದಲೇ ಮುಗಿದಿತ್ತು.

ಜೈಲಿನ ನಿಯಮಗಳಲ್ಲಿ ಬಹುಪಾಲು ಅದೇ ವರ್ಷ ಒಬ್ಬ ವಿದ್ಯಾರ್ಥಿ ತನ್ನ ಹಾಸ್ಟೆಲಿನಲ್ಲಿ ಕ್ಲಾಸಿನ ಪ್ರಾಜೆಕ್ಟಿಗೆ ನಡೆಸಿದ್ದ ಜೈಲಾಟದಿಂದ ಎತ್ತಿಕೊಂಡದ್ದು. ಆ ವಿದ್ಯಾರ್ಥಿಯೇ ಇಲ್ಲಿ ವಾರ್ಡನ್. ಮೆತ್ತಗಿದ್ದ ಒಬ್ಬ ಗಾರ್ಡನ್ನು ಅವನು ಪಕ್ಕಕ್ಕೆ ಕರೆದು, ಇಲ್ಲಿ ಪ್ರತಿಯೊಬ್ಬ ಗಾರ್ಡೂ ಬಿಗಿಯಾಗಿರಬೇಕು ಎಂದು ಪುಸಲಾಯಿಸಿದ ಧ್ವನಿಮುದ್ರಣ ಇದೆ. ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ವರ್ಷಗಟ್ಟಲೆ ಕಳೆದು ಬಂದಿದ್ದ ಒಬ್ಬರು ಸಲಹೆಗಾರರು. ತಲೆಗೆ ಚೀಲ, ಕಾಲಿಗೆ ಸರಪಳಿ, ಪಾಯಿಖಾನೆಗೆ ಬಕೆಟ್ಟು, ಇವೆಲ್ಲ ಹುಡುಗರ ತಲೆಯಲ್ಲಿ ಹುಟ್ಟಿದ್ದಲ್ಲ, ಪ್ರಯೋಗಕ್ಕೆ ಮುಂಚೆಯೇ ನಾನು ಹೇಳಿಕೊಟ್ಟದ್ದು ಎಂದು ಅವರ ಹೆಸರಿನಲ್ಲಿ 2005ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಪತ್ರಿಕೆಯಲ್ಲೇ ಬರಹ ಬಂತು. ಫ್ರಾನ್ಸಿನ ತಿಬೋ ಲ ತೆಕ್ಸಿಯೇ ಎಂಬವರು ಕಡತಗಳ ಧೂಳು ಕೊಡವಿ 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದರ ಹೆಸರಿನಲ್ಲೇ ‘ಸುಳ್ಳು’ ಎಂಬ ಶಬ್ದ ಇದೆ. ಅವರು ಎತ್ತಿ ಹಿಡಿದ ಸಂಗತಿಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು: ಪ್ರಯೋಗದ ಎರಡನೆಯ ದಿನವೇ ಪತ್ರಿಕಾ ಹೇಳಿಕೆ ಹೊರಬಿದ್ದಿತ್ತು. ಹೆರಿಗೆ ನೋವು ಶುರುವಾದಾಗಲೇ ನಾಮಕರಣದ ಕಾರ್ಡು ಹಂಚಿದ ಹಾಗೆ. ಕೈದಿಗಳನ್ನು ನಿಜವಾದ ಪೊಲೀಸರು ಮನೆಬಾಗಿಲಲ್ಲಿ ಬೇಡಿ ಹಾಕಿ ಒಯ್ಯುವುದನ್ನು ಸೆರೆಹಿಡಿಯಲು ಟಿವಿಯವರೂ ಬಂದಿದ್ದರು.

ನಮ್ಮ ಸಿನಿಮಾದವರ ತಪ್ಪು ಏನೂ ಇಲ್ಲ. ಅವರು ಬಹಳ ನಿಷ್ಠೆಯಿಂದ ಕೆಲಸ ಮಾಡಿದ್ದಾರೆ. ಇಕ್ಕಟ್ಟಾದ ಕಾರಿಡಾರ್, ಕಣ್ಣು ಕುಕ್ಕುವ ಟ್ಯೂಬ್‌ಲೈಟು, ನಡುರಾತ್ರಿ ಸೀಟಿ ಊದಿ ನಂಬರು ಹೇಳಿಸುವ ಆಟ. ನೋಡುವವರ ಬೆನ್ನಿಗೂ ನೋವು ಬರುವಂತೆ ತೆಗೆದಿದ್ದಾರೆ. ಮೂಲ ಟೇಪುಗಳಲ್ಲಿದ್ದ ಮಾತುಗಳನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದಾರಂತೆ. ಕಥೆಗೆ ಆಧಾರ ಜಿಂಬಾರ್ಡೊ ಅವರ ಪುಸ್ತಕ, ಚಿತ್ರಕ್ಕೆ ಸಲಹೆಗಾರರು ಜಿಂಬಾರ್ಡೊ. ಗಂಡಿನ ಕಡೆಯವರು ತೆಗೆಸಿದ ಮದುವೆ ವಿಡಿಯೊ ಅದು. ಎಲ್ಲ ನಿಜವೇ, ಆದರೆ ಹೆಣ್ಣಿನ ಕಡೆಯ ಊಟದಲ್ಲಿ ಸಾಂಬಾರು ಮುಗಿದದ್ದು ಅದರಲ್ಲಿ ಬರುವುದಿಲ್ಲ.

ಹಾಗಂತ ಪ್ರೊಫೆಸರನ್ನು ದೇವರನ್ನಾಗಿ ಏನೂ ತೋರಿಸಿಲ್ಲ. ಬಿಲಿ ಕ್ರುಡಪ್ ಗಡ್ಡ ಕೆರೆದುಕೊಳ್ಳುತ್ತ ಮಾನಿಟರಿನ ಮುಂದೆ ದಿನದಿಂದ ದಿನಕ್ಕೆ ಜೈಲರ್ ಆಗುತ್ತ ಹೋಗುತ್ತಾರೆ. ‘ನೋಡಿ, ನಾನೇ ದಾರಿ ತಪ್ಪಿದೆ!’ ಎಂಬ ಈ ತಪ್ಪೊಪ್ಪಿಗೆಯನ್ನು ಜಿಂಬಾರ್ಡೊ ಕೂಡ ಜೀವಮಾನವಿಡೀ ಮಾಡುತ್ತ ಬಂದರು. ಅದರ ಚಾಲಾಕಿತನ ನನಗೆ ತಡವಾಗಿ ಹೊಳೆಯಿತು. ನಾನೇ ಕೆಟ್ಟೆ ಅಂದರೆ ಏನಾಯಿತು? ಜಾಗದ ಪ್ರಭಾವ ಎಷ್ಟು ಜೋರು ಎಂಬುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು! ತಪ್ಪು ಮಾಡಿದರೂ ಸಿದ್ಧಾಂತ ಗೆಲ್ಲುತ್ತದೆ, ಒಪ್ಪಿಕೊಂಡರೆ ಇನ್ನೂ ಜೋರಾಗಿ ಗೆಲ್ಲುತ್ತದೆ. ಇಂಥ ಸಿದ್ಧಾಂತ ನಮ್ಮ ರಾಜಕಾರಣಿಗಳ ಕೈಗೆ ಸಿಗದಿರಲಿ.

ಜಿಂಬಾರ್ಡೊ ಅವರೇ ಹೇಳಿಕೊಂಡಿರುವ ಒಂದು ಪ್ರಸಂಗ ಇದೆ. ಬಿಟ್ಟುಹೋದ ಕೈದಿಯೊಬ್ಬ ಗೆಳೆಯರನ್ನು ಕಟ್ಟಿಕೊಂಡು ಬಂದು ಜೈಲು ಒಡೆಯುತ್ತಾನೆ ಎಂದು ಗಾಳಿಸುದ್ದಿ ಹಬ್ಬಿತು. ಸಂಶೋಧಕನಾದವನು ಆಗ ಪೆನ್ನು ಹಿಡಿಯಬೇಕು. ಇವರು ಊರಿನ ಪೊಲೀಸರ ಬಳಿಗೆ ಓಡಿ, ನಿಮ್ಮ ಹಳೇ ಜೈಲು ಕೊಡಿ, ನಮ್ಮ ಕೈದಿಗಳನ್ನು ಅಲ್ಲಿಗೆ ಸಾಗಿಸಬೇಕು ಎಂದು ಕೇಳಿದರು. ಅವರು ಆಗಲ್ಲ ಅಂದಾಗ ಸಿಟ್ಟಿಗೆದ್ದರು. ಕೊನೆಗೆ ಕೈದಿಗಳ ತಲೆಗೆ ಚೀಲ ಕವುಚಿ, ಒಬ್ಬರಿಗೊಬ್ಬರನ್ನು ಸರಪಳಿಯಲ್ಲಿ ಕಟ್ಟಿ ಐದನೆಯ ಮಹಡಿಗೆ ಸಾಗಿಸಿದರು. ಖಾಲಿ ನೆಲಮಾಳಿಗೆಯಲ್ಲಿ ದಂಡು ಬರುವುದನ್ನೇ ಕಾಯುತ್ತ ಒಬ್ಬರೇ ಕುರ್ಚಿಯ ಮೇಲೆ ಕೂತರು. ದಂಡು ಬರಲಿಲ್ಲ. ಬಂದದ್ದು ಒಬ್ಬ ಸಹೋದ್ಯೋಗಿ, ಗೋರ್ಡನ್ ಬವರ್. ಏನೋ ನಡೆಯುತ್ತಿದೆಯಂತಲ್ಲ ಎಂದು ಇಣುಕಿದವರು ಎಲ್ಲ ಕೇಳಿಸಿಕೊಂಡು, ಸರಿ, ಇದರಲ್ಲಿ ನಿಮ್ಮ ಸ್ವತಂತ್ರ ಚರಾಂಶ ಯಾವುದು ಎಂದು ಕೇಳಿದರು.

ಸ್ವತಂತ್ರ ಚರಾಂಶ ಅಂದರೆ, ಯಾವುದನ್ನು ಬದಲಾಯಿಸಿ ಯಾವುದರ ಪರಿಣಾಮ ನೋಡುತ್ತಿದ್ದೀರಿ ಎಂಬ ಲೆಕ್ಕ. ಮನಶ್ಶಾಸ್ತ್ರದ ಮೊದಲ ವರ್ಷದ ಮಕ್ಕಳಿಗೆ ಕೇಳುವ ಪ್ರಶ್ನೆ. ಅಡುಗೆ ಭಟ್ಟನಿಗೆ ‘ಒಲೆ ಹಚ್ಚಿದ್ದೀರಾ?’ ಎಂದು ಕೇಳಿದ ಹಾಗೆ. ಪ್ರೊಫೆಸರಿಗೆ ರೇಗಿಹೋಯಿತು. ಇಲ್ಲಿ ಜೈಲೇ ಒಡೆದುಹೋಗುತ್ತಿದೆ, ಈ ಮನುಷ್ಯನಿಗೆ ಚರಾಂಶ ಬೇಕಂತೆ!

ಆ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಸಿನಿಮಾ ಬಂತು.

ಒಂದು ಸಿನಿಮಾ ಅಲ್ಲ. ಜರ್ಮನಿಯಲ್ಲಿ 2001ರಲ್ಲೇ ‘ದಾಸ್ ಎಕ್ಸ್‌ಪೆರಿಮೆಂಟ್’ ಬಂದಿತ್ತು. ಸ್ಟ್ಯಾನ್‌ಫರ್ಡಿನಲ್ಲಿ ಯಾರೂ ಸತ್ತಿರಲಿಲ್ಲ. ಟಿಕೆಟ್ಟಿನ ದುಡ್ಡಿಗೆ ಮೋಸ ಆಗಬಾರದಲ್ಲ, ಅಲ್ಲಿ ಹೆಣಗಳೂ ಬಿದ್ದವು. ಅದನ್ನೇ ಅಮೆರಿಕದವರು 2010ರಲ್ಲಿ ಇಂಗ್ಲಿಷಿಗೆ ತಂದುಕೊಂಡರು. ಹೀಗೆ ಅಮೆರಿಕದ ಮಾಲು ಜರ್ಮನಿಗೆ ಹೋಗಿ ಮಸಾಲೆ ಬೆರೆಸಿಕೊಂಡು ತಿರುಗಿ ಬಂತು. ಇವೆಲ್ಲಕ್ಕೂ ಮೊದಲು, 1973ರಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಗೆ ಜಿಂಬಾರ್ಡೊ ಮತ್ತು ಸಂಗಡಿಗರು ಈ ಜೈಲಿನ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲಿ ಪಿರಾಂಡೆಲೊ ಹೆಸರಿತ್ತು. ಪಿರಾಂಡೆಲೊ ಯಾರು? ಇಟಲಿಯ ನಾಟಕಕಾರ. ನಿಜ ಯಾವುದು ವೇಷ ಯಾವುದು ಎಂದು ಪ್ರೇಕ್ಷಕನ ತಲೆ ಕೆಡಿಸಿ ನೊಬೆಲ್ ಪಡೆದವನು. ಕಳ್ಳ ತನ್ನ ಹೆಸರು ವಿಳಾಸ ಬರೆದಿಟ್ಟು ಹೋದರೂ ಪೊಲೀಸರು ಐವತ್ತು ವರ್ಷ ಬೆರಳಚ್ಚು ಹುಡುಕಿದರು ಅಂದರೆ ಏನೆನ್ನಬೇಕು?

ಸಿನಿಮಾದಲ್ಲಿ ಎಜ್ರಾ ಮಿಲ್ಲರ್ ಮಾಡಿದ ಪಾತ್ರವೊಂದು ಇದೆ, ಕೈದಿ ನಂಬರ್ 8612. ಎರಡನೆಯ ದಿನಕ್ಕೇ ಚೀರಾಡಿ, ಬಾಗಿಲು ಒದ್ದು, ತಲೆ ಕೆಟ್ಟವನಂತಾಗಿ ಹೊರಗೆ ಹೋಗುವವನು. ಈ ಪ್ರಯೋಗದ ಕಥೆ ಹೇಳುವವರೆಲ್ಲ ಮೊದಲು ತೋರಿಸುವುದು ಇವನ ಚೀತ್ಕಾರವನ್ನೇ. ಅಸಲಿ 8612 ಆಮೇಲೆ ತಾನೇ ಮನಶ್ಶಾಸ್ತ್ರಜ್ಞನಾದ. 2018ರಲ್ಲಿ ಒಬ್ಬ ಪತ್ರಕರ್ತ ಕೇಳಿದಾಗ ಅವನು ಹೇಳಿದ್ದೇನು? ಜಿಆರ್‌ಇ ಪರೀಕ್ಷೆ ಹತ್ತಿರ ಬಂದಿತ್ತು, ಜೈಲಲ್ಲಿ ಕೂತು ಓದಿಕೊಳ್ಳಬಹುದು ಅಂದುಕೊಂಡಿದ್ದೆ, ಪುಸ್ತಕ ಕೊಡಲಿಲ್ಲ, ಹೊರಗೆ ಬಿಡಿ ಅಂದರೆ ಬಿಡಲಿಲ್ಲ, ಅದಕ್ಕೇ ಹುಚ್ಚನಂತೆ ನಟಿಸಿದೆ!

ನನ್ನ ಅಣ್ಣನ ಮಗಳು ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿ, ‘ಅಂದ್ರೆ ನನ್ನ ಥರಾನೇ, ಪರೀಕ್ಷೆ ಇತ್ತು ಅವನಿಗೆ’ ಅಂದಳು.

ಇದೇ ಮನುಷ್ಯ 1992ರ ಸಾಕ್ಷ್ಯಚಿತ್ರದಲ್ಲಿ, ನಿಜವಾಗಿಯೂ ಹಿಡಿತ ತಪ್ಪಿದ್ದೆ ಎಂಬರ್ಥದಲ್ಲಿ ಮಾತಾಡಿದ್ದ. ಯಾವುದನ್ನು ನಂಬುವುದು? ನಟಿಸಿದೆ ಎಂದ ಗಾರ್ಡು, ನಟಿಸಿದೆ ಎಂದ ಕೈದಿ, ನಟಿಸಿದ್ದೆ ಎಂದು ನಟಿಸುತ್ತಿರಬಹುದಾದ ಇಬ್ಬರೂ. ಇವರ ಪಾತ್ರ ಮಾಡಲು ಹಾಲಿವುಡ್ಡಿನಿಂದ ಬಂದ ಮತ್ತಿಬ್ಬರು. ಇಷ್ಟು ಜನ ನಟರ ನಡುವೆ ಮನುಷ್ಯ ಸ್ವಭಾವ ಎಂಬ ಒಬ್ಬನೇ ಒಬ್ಬ ನಿಜವಾದ ಕೈದಿ ಇನ್ನೂ ಕತ್ತಲೆ ಕೋಣೆಯಲ್ಲೇ ಕೂತಿದ್ದಾನೆ.

ಕತ್ತಲೆ ಕೋಣೆ ಅಂದೆನಲ್ಲ, ಅದು ಕಾರಿಡಾರಿನ ಒಂದು ಗೂಡು. ಅಗಲ ಎರಡಡಿ, ಆಳ ಎರಡಡಿ; ಹಳೆಯ ಕಡತ ಇಡುವ ಬೀರುವಿನಷ್ಟು. ಹುಡುಗರನ್ನು ಅದರೊಳಗೆ ನಿಲ್ಲಿಸಿ ಬಾಗಿಲು ಹಾಕಿದ್ದು ನಟನೆ ಅಲ್ಲ. ಮಧ್ಯರಾತ್ರಿ ಎಬ್ಬಿಸಿ ದಂಡ ಹೊಡೆಸಿದ್ದು ನಿಜ. ಹಾಸಿಗೆ ಕಿತ್ತುಕೊಂಡು ಬರೀ ನೆಲದ ಮೇಲೆ ಮಲಗಿಸಿದ್ದೂ ನಿಜ. ಊಟ ಬಿಟ್ಟ ನಂಬರ್ 416ರ ಹುಡುಗನಿಗೆ ಎರಡು ಸಾಸೇಜು ಹಿಡಿಸಿ ಆ ಗೂಡಿನಲ್ಲಿ ಕೂಡಿಹಾಕಿದ್ದು ನಿಜ. ಉಳಿದ ಕೈದಿಗಳಿಗೆ, ನಿಮ್ಮ ಕಂಬಳಿ ಕೊಟ್ಟರೆ ಅವನನ್ನು ಬಿಡುತ್ತೇವೆ ಅಂದಾಗ ಹೆಚ್ಚಿನವರು ಕಂಬಳಿಯನ್ನೇ ಇಟ್ಟುಕೊಂಡರು. ವಿಜ್ಞಾನಕ್ಕೆ ಆ ದಂಡವೆಲ್ಲ ದಂಡವೇ ಇರಬಹುದು, ಹೊಡೆದವರ ತೋಳು ಮಾತ್ರ ನೋಯುತ್ತಿತ್ತು.

ನಾನು ಚಕ್ಕುಲಿ ಕೆಳಗಿಟ್ಟದ್ದು ಪೆರೋಲ್ ಪ್ರಸಂಗ ಬಂದಾಗ. ಒಂದು ಮಂಡಳಿ ಕೂತಿದೆ. ಕೈದಿಯೊಬ್ಬನನ್ನು ಕರೆದು, ನಿನಗೆ ಬರಬೇಕಾದ ದುಡ್ಡು ಬಿಟ್ಟುಕೊಟ್ಟರೆ ಪೆರೋಲ್ ತಗೊಳ್ತೀಯಾ ಎಂದು ಕೇಳುತ್ತಾರೆ. ನಡೆದ ಪ್ರಯೋಗದಲ್ಲಿ ಹೆಚ್ಚಿನವರು ಹೂಂ ಅಂದರು. ಸರಿ, ಯೋಚನೆ ಮಾಡುತ್ತೇವೆ, ಒಳಗೆ ಹೋಗು ಅಂದರು. ಎದ್ದು ಒಳಗೆ ಹೋದರು! ಕೂಲಿಯೇ ಬೇಡ ಅಂದ ಮೇಲೆ ಕೂಲಿಯಾಳಿಗೂ ಕೆಲಸಕ್ಕೂ ಏನು ಸಂಬಂಧ? ಬಾಗಿಲು ತಳ್ಳಿ ಮನೆಗೆ ಹೋಗಬಹುದಿತ್ತಲ್ಲ ಎಂದು ಪ್ರೊಫೆಸರು ಅಚ್ಚರಿಪಟ್ಟಿದ್ದಾರೆ. ಇಲ್ಲಿಂದ ಹೊರಗೆ ಹೋಗಲು ಆಗೋದಿಲ್ಲ ಎಂದು 8612 ಒಳಗೆ ಬಂದು ಎಲ್ಲರಿಗೂ ಹೇಳಿದ್ದ, ಹಾಗೆ ಅವನಿಗೆ ಅನ್ನಿಸುವಂತೆ ಮಾಡಿದ್ದು ಇದೇ ಪ್ರೊಫೆಸರ ಕಚೇರಿ ಎಂಬುದು ಬೇರೆ ಮಾತು. ಚಿಲಕ ಹಾಕಿದವರೇ ಬಾಗಿಲು ತೆರೆದಿತ್ತಲ್ಲ ಅಂದರೆ ಹೇಗೆ? ಆದರೂ ಆ ದೃಶ್ಯ ನನ್ನನ್ನು ಕುಟುಕಿತು. ಕಂದಾಯ ಕಚೇರಿಯ ಕಿಟಕಿಯಲ್ಲಿ ‘ನಾಳೆ ಬನ್ನಿ’ ಅಂದಾಗ ಫೈಲು ಎದೆಗವುಚಿಕೊಂಡು, ಹೂಂ ಸಾರ್ ಎಂದು ತಿರುಗಿ ಬಂದ ನನ್ನ ನಡಿಗೆಯೂ ಹಾಗೆಯೇ ಇತ್ತು. ನನಗೆ ಯಾರೂ ದಿನಕ್ಕೆ 15 ಡಾಲರ್ ಕೊಡುತ್ತಿರಲಿಲ್ಲ.

ಆರನೆಯ ದಿನ ಪ್ರಯೋಗ ನಿಂತದ್ದು ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಯುವತಿಯಿಂದ. ಆಗಷ್ಟೇ ಪಿಎಚ್‌.ಡಿ. ಮುಗಿಸಿದ್ದವರು, ಜಿಂಬಾರ್ಡೊ ಅವರ ಪ್ರೇಯಸಿ. ರಾತ್ರಿ ಬಂದು ನೋಡಿದರೆ ತಲೆಗೆ ಚೀಲ ಕವುಚಿಕೊಂಡ ಹುಡುಗರು ಸರಪಳಿಯಲ್ಲಿ ಪಾಯಿಖಾನೆಗೆ ಸಾಲುಗಟ್ಟಿ ಹೋಗುತ್ತಿದ್ದಾರೆ. ಈ ಹುಡುಗರಿಗೆ ನೀವು ಮಾಡುತ್ತಿರುವುದು ಘೋರ ಎಂದು ಆಕೆ ಜಗಳ ತೆಗೆದರು. ಅಲ್ಲಿಯವರೆಗೆ ತಂದೆತಾಯಿ, ಪಾದ್ರಿ, ವಿದ್ವಾಂಸರು ಎಂದು ಐವತ್ತಕ್ಕೂ ಹೆಚ್ಚು ಮಂದಿ ಬಂದು ನೋಡಿಹೋಗಿದ್ದರು. ಇದು ತಪ್ಪು ಅಂದವರು ಆಕೆ ಒಬ್ಬರೇ ಎಂದು ಜಿಂಬಾರ್ಡೊ ಹೋದಲ್ಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಮರುವರ್ಷ ಆಕೆಯನ್ನೇ ಮದುವೆಯೂ ಆದರು. ಬಹಳ ಸಂತೋಷ. ಆದರೆ ಸ್ವಾಮಿ, ಆಕೆ ನಿಂತದ್ದೂ ಅದೇ ಡೊಂಕು ನೆಲದ ಮೇಲಲ್ಲವೆ? ಆಕೆ ಯಾಕೆ ಬೀಳಲಿಲ್ಲ? ನಿಮ್ಮ ಲೆಕ್ಕದಲ್ಲೇ ಗಾರ್ಡ್‌ಗಳಲ್ಲಿ ಕ್ರೂರರಾದವರು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಜನ ಪಾಳಿ ಮುಗಿಸಿ, ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರವನ್ನೂ ಮಾಡಿ ಮನೆಗೆ ಹೋದರು. ಅವರ ಬಗ್ಗೆ ಸಿನಿಮಾ ತೆಗೆಯುವವರು ಯಾರು? ಒಳ್ಳೆಯ ಗಾರ್ಡಿನ ಚಿತ್ರಕ್ಕೆ ಟಿಕೆಟ್ ತೆಗೆದುಕೊಳ್ಳುವವರಾದರೂ ಯಾರು, ನಾನೂ ತೆಗೆದುಕೊಳ್ಳೋದಿಲ್ಲ.

ಬ್ರಿಟನ್ನಿನ ಹ್ಯಾಸ್ಲಮ್ ಮತ್ತು ರೈಕರ್ ಎಂಬ ಇಬ್ಬರು, 2002ರಲ್ಲಿ ಪ್ರಸಾರವಾದ ಬಿಬಿಸಿ ಕಾರ್ಯಕ್ರಮಕ್ಕಾಗಿ, ಇದೇ ಥರದ ಜೈಲು ಕಟ್ಟಿದರು, ಗಾರ್ಡ್‌ಗಳಿಗೆ ಪಾಠ ಹೇಳಿಕೊಡಲಿಲ್ಲ. ಗಾರ್ಡ್‌ಗಳು ತಮ್ಮ ಅಧಿಕಾರ ಕಂಡು ತಾವೇ ಮುಜುಗರಪಟ್ಟರು. ಕೈದಿಗಳೇ ಒಟ್ಟಾಗಿ ಆ ವ್ಯವಸ್ಥೆಯನ್ನು ಕೆಡವಿದರು. ಆ ಪ್ರಯೋಗದ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಇಲ್ಲವಂತೆ, ವಿಚಾರಿಸಿದೆ.

ಯಾಕಿಲ್ಲ ಅಂದರೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಜಿಂಬಾರ್ಡೊ ಜೈಲಿನಿಂದ ಎಲ್ಲರಿಗೂ ಲಾಭ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಕೈದಿಗಳನ್ನು ಹಿಂಸಿಸಿದ ಅಮೆರಿಕದ ಸಾರ್ಜೆಂಟ್ ಒಬ್ಬನ ಪರವಾಗಿ 2004ರಲ್ಲಿ ಪ್ರೊಫೆಸರು ತಜ್ಞ ಸಾಕ್ಷಿಯಾಗಿ ನಿಂತರು. ಸೇಬು ಕೆಟ್ಟದ್ದಲ್ಲ, ಪೀಪಾಯಿ ಕೆಟ್ಟದ್ದು ಎಂದು ವಾದ. ನ್ಯಾಯಾಧೀಶರಿಗೆ ಹಣ್ಣಿನ ವ್ಯಾಪಾರ ಗೊತ್ತಿತ್ತೆಂದು ಕಾಣುತ್ತದೆ, ಎಂಟು ವರ್ಷ ಹಾಕಿದರು. ಆದರೆ ಆ ವಾದ ಇಂದಿಗೂ ಜಾಮೀನಿನ ಮೇಲೆ ಆರಾಮಾಗಿ ಓಡಾಡಿಕೊಂಡಿದೆ. ಮೇಲಿನವನು ‘ಕೆಳಗಿನ ಹುಡುಗರು ದುಡುಕಿದರು’ ಅನ್ನುತ್ತಾನೆ, ಕೆಳಗಿನವನು ‘ಮೇಲಿನಿಂದ ಒತ್ತಡ ಇತ್ತು’ ಅನ್ನುತ್ತಾನೆ, ಇಬ್ಬರೂ ಸೇರಿ ಪರಿಸ್ಥಿತಿಯ ಕಡೆ ಕೈ ತೋರಿಸುತ್ತಾರೆ. ಪರಿಸ್ಥಿತಿಗೆ ವಕೀಲರಿಲ್ಲ, ಪಾಪ.

ಜಿಂಬಾರ್ಡೊ 2024ರ ಅಕ್ಟೋಬರಿನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಟೀಕಾಕಾರರಿಗೆ ಕೊನೆಯತನಕ ಉತ್ತರ ಕೊಡುತ್ತಲೇ ಇದ್ದರು, ಪ್ರಯೋಗವನ್ನು ಬಿಟ್ಟುಕೊಡಲಿಲ್ಲ.

ಸಿನಿಮಾ ಮುಗಿಯುವ ಹೊತ್ತಿಗೆ ಚಕ್ಕುಲಿ ಡಬ್ಬಿಯೂ ಖಾಲಿ. ಹುಡುಗಿ ನೋಟ್‌ಬುಕ್ಕು ತೆರೆದು ಹಳೆಯ ಪ್ರಶ್ನೆಪತ್ರಿಕೆ ತೋರಿಸಿದಳು. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗವು ವ್ಯಕ್ತಿಯ ವರ್ತನೆಯ ಮೇಲೆ ಪರಿಸ್ಥಿತಿಯ ಪ್ರಭಾವವನ್ನು ಹೇಗೆ ಸಾಬೀತುಪಡಿಸಿತು, ವಿವರಿಸಿ. ಹತ್ತು ಅಂಕ.

‘ಹೇಗೆ ಸಾಬೀತುಪಡಿಸಿತು ಅಂತಾನೆ ಕೇಳಿದಾರೆ ನೋಡಿ ಚಿಕ್ಕಪ್ಪ. ಸಾಬೀತುಪಡಿಸಿತಾ ಅಂತ ಕೇಳಿಲ್ಲ.’

‘ನೋಟ್ಸಲ್ಲಿ ಏನಿದೆ?’

‘ಗಾರ್ಡ್‌ಗಳು ತಾವಾಗಿಯೇ ಕ್ರೂರಿಗಳಾದರು ಅಂತ ಇದೆ. ಅದರ ಕೆಳಗೆ ಮೇಡಂ ಎರಡು ಗೆರೆ ಎಳೆಸಿದಾರೆ.’ ಪೆನ್ನಿನ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ಕೂತಳು. ‘ಈಗ ನೀವು ಹೇಳಿದ್ದನ್ನೆಲ್ಲ ಬರೆದ್ರೆ ಹತ್ತಕ್ಕೆ ಎಷ್ಟು ಕೊಡ್ತಾರೆ?’

‘ಎರಡು ಕೊಟ್ಟರೆ ಪುಣ್ಯ.’

‘ಹಾಗಾದ್ರೆ ಏನು ಬರೀಲಿ?’

ಡಬ್ಬಿಯ ತಳದಲ್ಲಿದ್ದ ಚಕ್ಕುಲಿ ಪುಡಿಯನ್ನು ಅಂಗೈಗೆ ಸುರುವಿಕೊಂಡು ನಾನಂದೆ:

‘ಪರಿಸ್ಥಿತಿ ನೋಡಿಕೊಂಡು ಬರಿ.’